ಬರಂಗಿಲ್ಲ ಅಂತೇನಿಲ್ರಿ

ಕಲಬುರಗಿಯಲ್ಲಿ ಈಗ ಯಾವ ಕಡೆ ಹೋದರೂ ಒಂದು ಕೋಚಿಂಗ್ ಕ್ಲಾಸ್ ಕಣ್ಣಿಗೆ ಬೀಳುತ್ತದೆ. ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ತಯಾರು ಮಾಡುವ ಈ ಕ್ಲಾಸುಗಳಲ್ಲಿ ಇಂಗ್ಲಿಷ್ ಗ್ರಾಮರ್ ಕೂಡ ಹೇಳಿಕೊಡುತ್ತಾರೆ. ಅಲ್ಲಿ ಬಾಯಿಪಾಠ ಮಾಡಿಸುವ ಸೂತ್ರಗಳಲ್ಲಿ ಒಂದು, ಎರಡು ನೆಗೆಟಿವ್ ಸೇರಿದರೆ ಪಾಸಿಟಿವ್. ಮೈನಸ್ ಇಂಟು ಮೈನಸ್ ಪ್ಲಸ್. ಹಾಗಾಗಿ ‘ಐ ಡೋಂಟ್ ನೋ ನಥಿಂಗ್’ ಅಂದವನಿಗೆ ಏನೋ ಒಂದಿಷ್ಟು ಗೊತ್ತಿದೆ ಅಂತ ಅರ್ಥವಂತೆ. ಆದರೆ ಹಾಗೆ ಅಂದ ಇಂಗ್ಲಿಷಿನವನಿಗೆ ಏನೂ ಗೊತ್ತಿಲ್ಲ ಅನ್ನೋದು ಕೇಳಿದವರಿಗೆಲ್ಲ ತಿಳಿಯುತ್ತದೆ, ಅಲ್ವಾ?

14ನೇ ಶತಮಾನದ ಕವಿ ಚಾಸರ್ ಒಬ್ಬ ಯೋಧನ ಬಗ್ಗೆ ಬರೆಯುತ್ತಾ, ಇವನು ಜೀವಮಾನದಲ್ಲಿ ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ ಅಂತ ಹೇಳೋಕೆ ಎರಡೇ ಸಾಲಿನಲ್ಲಿ ನಾಲ್ಕು ನೆಗೆಟಿವ್ ತುರುಕಿದ್ದಾನೆ. ಮೈನಸ್ ಲೆಕ್ಕ ಹಾಕಿದರೆ ಆ ಪುಣ್ಯಾತ್ಮ ಕಂಡಕಂಡವರಿಗೆ ಬೈಯುತ್ತಾ ತಿರುಗಬೇಕಿತ್ತು. ಆಗೆಲ್ಲ ನೆಗೆಟಿವ್ ಮೇಲೆ ನೆಗೆಟಿವ್ ಹೇರುತ್ತಿದ್ದದ್ದು ಮಾತು ಗಟ್ಟಿಯಾಗಲಿ ಅಂತ. ಈ ಲೆಕ್ಕ ಆಮೇಲೆ ಬಂತು. 18ನೇ ಶತಮಾನದ ವ್ಯಾಕರಣದವರು, ಅವರಲ್ಲಿ ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ ಒಬ್ಬರು, ಎರಡು ನೆಗೆಟಿವ್ ಒಂದನ್ನೊಂದು ಹೊಡೆದುಹಾಕುತ್ತವೆ ಅಂತ ಬರೆದಿಟ್ಟರು. ಅಷ್ಟೊತ್ತಿಗೆ ಓದಿದವರ ಬರಹದಲ್ಲಿ ಆ ರೂಢಿ ಹೇಗೂ ಕಡಿಮೆಯಾಗಿತ್ತು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಇದೆ.

ನಮ್ಮ ಹುಡುಗರು ‘ನೋಬಡಿ ಡಿಡ್ ನಾಟ್ ಕಮ್’ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳೋದಕ್ಕೆ ಕಾರಣ ಬೇರೆ. ಯಾರೂ, ಏನೂ, ಎಂದೂ, ಎಲ್ಲೂ, ಇವುಗಳ ಜೊತೆ ‘ಬಂದರು’ ಅಂತ ಸೇರಿಸಿ ನೋಡಿ, ವಾಕ್ಯ ನಿಲ್ಲೋದೇ ಇಲ್ಲ. ಕೊನೆಗೊಂದು ‘ಇಲ್ಲ’ ಬೇಕೇ ಬೇಕು. ಇಂಗ್ಲಿಷಿನ ನೋಬಡಿ ಆ ಇಲ್ಲವನ್ನು ಮೊದಲೇ ಹೊಟ್ಟೆಯೊಳಗೆ ಇಟ್ಟುಕೊಂಡು ಬರುತ್ತದೆ. ಮನೆಯಲ್ಲಿ ದಖನಿ ಆಡುವ ಹುಡುಗನದೂ ಇದೇ ಪಾಡು, ಅವನೂ ‘ಕೋಯಿ ನೈ ಆಯಾ’ ಅಂತಲೇ ಕಲಿತವನು. ಬೆಂಚಿನ ಮೇಲೆ ಅಕ್ಕಪಕ್ಕ ಕೂತ ಇಬ್ಬರದ್ದೂ ಒಂದೇ ತಪ್ಪು. ನಕಲು ಹೊಡೆದರು ಅಂತ ಸುಮ್ನೆ ಅನುಮಾನ ಪಡಬಾರದು.

ನೋ, ನಾಟ್, ನೆವರ್ ಆದರೂ ಮುಖ ನೋಡಿದರೆ ಗುರುತು ಸಿಗುತ್ತವೆ. ಹಾರ್ಡ್ಲಿ, ಸ್ಕೇರ್ಸ್ಲಿ, ಬೇರ್ಲಿ, ಸೆಲ್ಡಮ್, ರೇರ್ಲಿ ಇವೆಯಲ್ಲ, ಇವು ಮಫ್ತಿ ಪೊಲೀಸರು. ಯೂನಿಫಾರ್ಮ್ ಇಲ್ಲ, ಕೆಲಸ ಅದೇ. ಹಾರ್ಡ್ಲಿ ಅಂದರೆ ಕಷ್ಟಪಟ್ಟು ಅಂತ ನಂಬಿ, ‘ದಿಸ್ ಬಾಯ್ ವರ್ಕ್ಸ್ ಹಾರ್ಡ್ಲಿ’ ಅಂತ ಪ್ರೀತಿಯಿಂದ ಸರ್ಟಿಫಿಕೇಟ್ ಬರೆದುಕೊಟ್ಟರೆ, ಹುಡುಗ ಕೆಲಸವನ್ನೇ ಮಾಡಲ್ಲ ಅಂತ ಸಹಿ ಹಾಕಿಕೊಟ್ಟ ಹಾಗಾಗುತ್ತದೆ. ‘ಹೀ ಹಾರ್ಡ್ಲಿ ಸ್ಪೀಕ್ಸ್’ ಅಂದು ಕೊನೆಗೆ ನಮ್ಮ ‘ಅಲ್ವಾ?’ ತರಹದ ಬಾಲ ಅಂಟಿಸುವಾಗ ‘ಡಸ್ ಹೀ’ ಅಂತ ಬರಬೇಕು, ‘ಡಸಂಟ್ ಹೀ’ ಅಂದರೆ ಮಾರ್ಕ್ಸ್ ಹೋಯಿತು. ‘ಕಾಂಟ್ ಹಾರ್ಡ್ಲಿ’ ಕೂಡ ಪರೀಕ್ಷೆಯಲ್ಲಿ ತಪ್ಪು, ಯಾಕಂದರೆ ಅದನ್ನೂ ಡಬಲ್ ನೆಗೆಟಿವ್ ಅಂತಲೇ ಎಣಿಸುತ್ತಾರೆ. ಇನ್ನು ಈ ಪದ ವಾಕ್ಯದ ತಲೆಗೆ ಬಂದು ಕೂತರೆ ಉಳಿದದ್ದೆಲ್ಲ ಹಿಂದುಮುಂದಾಗುತ್ತದೆ: ‘ಹಾರ್ಡ್ಲಿ ಹ್ಯಾಡ್ ದ ಟ್ರೇನ್ ಲೆಫ್ಟ್ ವಾಡಿ ವೆನ್ ಇಟ್ ಸ್ಟಾಪ್ಡ್ ಅಗೇನ್’. ವಾಡಿ ಜಂಕ್ಷನ್ ದಾಟಿ ಓಡಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬೇರ್ಲಿಯನ್ನು ಈ ಗುಂಪಿಗೆ ಸೇರಿಸಿದ್ದು ಮಾತ್ರ ಅನ್ಯಾಯ ಅಂತ ನನ್ನ ಅನಿಸಿಕೆ. ‘ಹೀ ಬೇರ್ಲಿ ಪಾಸ್ಡ್’ ಅಂದರೆ ಹುಡುಗ ಪಾಸಾಗಿದ್ದಾನೆ! ಬಾರ್ಡರ್ ಪಾಸ್ ಇರಬಹುದು, ಆದರೂ ಪಾಸ್. ಅವರವ್ವ ಓಣಿಗೆಲ್ಲ ಪೇಢೆ ಹಂಚುತ್ತಿರುವಾಗ ವ್ಯಾಕರಣದವರು ಅವನನ್ನು ನೆಗೆಟಿವ್ ಪಟ್ಟಿಯಲ್ಲಿ ಕೂಡಿಸಿಬಿಟ್ಟಿದ್ದಾರೆ.

ಕನ್ನಡದಲ್ಲೂ ಎರಡು ಇಲ್ಲ ಸೇರಿ ಹೌದು ಆಗುತ್ತದೆ ನಿಜ, ಆದರೆ ಎಷ್ಟು ಹೌದು ಅನ್ನೋದು ಹೇಳುವ ಬಗೆಯ ಮೇಲಿದೆ. ‘ಅವ ಹೋಗದೆ ಇರಂಗಿಲ್ಲ’ ಅಂದರೆ ಹೋಗೇ ಹೋಗುತ್ತಾನೆ, ಬರೀ ‘ಹೋಗ್ತಾನ’ ಅನ್ನೋದಕ್ಕಿಂತ ಗಟ್ಟಿ. ‘ಬರಂಗಿಲ್ಲ ಅಂತೇನಿಲ್ರಿ’ ಅಂದರೆ? ಇಲ್ಲೂ ಎರಡು ಇಲ್ಲ ಇವೆ, ಆದರೆ ಹೌದು ಅನ್ನೋದು ಎಲ್ಲೋ ದೂರದಲ್ಲಿದೆ. ಇಂಗ್ಲಿಷಿನವರೂ ‘ನಾಟ್ ಅನ್‌ಹ್ಯಾಪಿ’ ಅಂದು ಹೀಗೇ ಜಾರಿಕೊಳ್ಳುತ್ತಾರೆ. ಸೇಡಂ ಕಡೆ ಮೇ ತಿಂಗಳ ಮದುವೆಗೆ ಕರೆಯೋಕೆ ಹೋದವರಿಗೆ ಈ ಉತ್ತರ ಜಾಸ್ತಿ ಸಿಗುತ್ತದೆ. ಬಿಸಿಲು 42 ಡಿಗ್ರಿ ದಾಟಿರುತ್ತದೆ, ಪತ್ರಿಕೆ ಕೊಟ್ಟವರಿಗೂ ಅದು ಗೊತ್ತು. ಈ ಮನೆಯಿಂದ ಬಂದರೆ ಒಬ್ಬರು, ಅದೂ ಹೊತ್ತು ಇಳಿದ ಮೇಲೆ, ಅಂತ ಅವರು ಅಲ್ಲೇ ಲೆಕ್ಕ ಹಾಕಿಕೊಂಡು ಎದ್ದು ಬರುತ್ತಾರೆ. ಲೌತ್ ಸಾಹೇಬರ ಲೆಕ್ಕದಲ್ಲಿ ಮನೆಮಂದಿಯೆಲ್ಲ ಬರಬೇಕು. ಅದನ್ನು ನಂಬಿ ಒಂದು ಸೇರು ಅಕ್ಕಿ ಜಾಸ್ತಿ ಹಾಕಿದ ಅಡುಗೆಯವರನ್ನು ನಾನಂತೂ ಈ ಕಡೆ ಎಲ್ಲೂ ನೋಡಿಲ್ಲ.