ನಾಲ್ಕು ಬೆರಳು ಹುಲ್ಲು

ಸದ್ಯ ನಾನು ಬೋರಲಾಗಿ ಮಲಗಿಕೊಂಡು ಬರೆಯುತ್ತಿದ್ದೇನೆ. ಏನಾಯಿತೆಂದು ಕೇಳಿದವರಿಗೆಲ್ಲ ತೋಟದ ಸಂಕ ದಾಟುವಾಗ ಜಾರಿತು ಎಂದಿದ್ದೇನೆ. ಮೃಗಶಿರಾ ಮಳೆಯಲ್ಲಿ ಸಂಕ ಜಾರುವುದು ಎಂಥ ಗೌರವಸ್ಥರಿಗೂ ಆಗುವಂಥದ್ದು. ಯಾರೂ ಮುಂದೆ ಕೆದಕಲಿಲ್ಲ. ನಿಜ ಗೊತ್ತಿರುವುದು ಮನೆಯವರಿಗೆ, ಅಕ್ಕನ ಮಗನಿಗೆ, ಮತ್ತು ಆ ಹೊತ್ತಿಗೆ ಅಡಿಕೆ ಮರದ ತುದಿಯಲ್ಲಿದ್ದ ಕೊನೆಗಾರನಿಗೆ. ಕೊನೆಗಾರನಿಗೆ ಗೊತ್ತಾಯಿತೆಂದರೆ ಕಳಸದ ಪೇಟೆಗೆಲ್ಲ ಗೊತ್ತಾದಂತೆಯೇ. ಅದಕ್ಕಿಂತ ಮೊದಲು ನಾನೇ ಹೇಳಿಬಿಡುವುದು ಮೇಲು.

ಅಕ್ಕನ ಮಗ ಇರುವುದು ಅಮೆರಿಕದ ಡೆನ್ವರಿನಲ್ಲಿ. ಹಿಮದ ಮೇಲೆ ಜಾರುವುದು ಅವನ ಹುಚ್ಚು. ದುಡ್ಡು ಕೊಟ್ಟು ಲಿಫ್ಟಿನಲ್ಲಿ ಕುಳಿತು ಗುಡ್ಡದ ನೆತ್ತಿಗೆ ಹೋಗಿ ಜಾರುವವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಅವನು ಸ್ಕೀಯ ಅಡಿಗೆ ಒಂದು ಪಟ್ಟಿ ಅಂಟಿಸಿಕೊಂಡು ತಾನೇ ಹತ್ತುತ್ತಾನೆ. ಪಟ್ಟಿಯ ಕೂದಲು ಒಂದೇ ಕಡೆಗೆ ಬಾಗಿರುವುದರಿಂದ ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಂದೆಲ್ಲ ಸೀಲ್ ಪ್ರಾಣಿಯ ಚರ್ಮ ಕಟ್ಟುತ್ತಿದ್ದರಂತೆ, ಈಗ ನೈಲಾನ್. ಹೀಗೆ ಎರಡು ಮೂರು ಗಂಟೆ ಹತ್ತಿ, ಪಟ್ಟಿ ಕಿತ್ತು ಚೀಲಕ್ಕೆ ಹಾಕಿ, ಹತ್ತು ನಿಮಿಷದಲ್ಲಿ ಇಳಿದುಬಿಡುತ್ತಾನೆ.

"ಹತ್ತು ನಿಮಿಷಕ್ಕೆ ಅಷ್ಟೊಂದು ಹತ್ತಬೇಕೇನೋ?" ಎಂದಳು ಅಮ್ಮ.

"ಅಜ್ಜಿ, ನೀನು ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತಿರಲಿಲ್ಲವೇ?"

"ಅಲ್ಲಿ ದೇವಿ ಇದ್ದಾಳೆ. ನಿನ್ನ ಗುಡ್ಡದ ಮೇಲೆ ಯಾರಿದ್ದಾರೆ?"

ಹುಡುಗ ಕಾಫಿ ಕುಡಿಯುವುದರಲ್ಲಿ ಮಗ್ನನಾದ.

ಅವನ ಹುಚ್ಚು ನೆತ್ತಿಗೇರುವುದು ಅಕ್ಟೋಬರಿನಲ್ಲಂತೆ. ಮೊದಲ ಹಿಮ ಬಿದ್ದದ್ದೇ ತಡ, ಮನೆಗೆ ಹತ್ತಿರದ ಗುಡ್ಡಕ್ಕೆ ಓಡುತ್ತಾನೆ. ಆಗ ನೆಲದ ಮೇಲೆ ಇರುವುದು ಆರೇಳು ಇಂಚು ಹಿಮ. ಅದರ ಕೆಳಗೆ ಕಲ್ಲು, ಬಿದ್ದ ಮರದ ದಿಮ್ಮಿ. ಅದಕ್ಕೆಂದೇ ಒಂದು ಹಳೆಯ ಜೊತೆ ಸ್ಕೀ ಇಟ್ಟುಕೊಂಡಿರುತ್ತಾರೆ. ಅದಕ್ಕೆ 'ಕಲ್ಲು ಸ್ಕೀ' ಎಂದೇ ಹೆಸರು. ಹಿಮ ಕಡಿಮೆ ಎಂದರೆ ಅಪಾಯ ಕಡಿಮೆ ಎಂದೂ ಅಲ್ಲ. ತೆಳುವಾದ ಮೊದಲ ಹಿಮ ಮೋಡವಿಲ್ಲದ ಚಳಿರಾತ್ರಿಗಳಲ್ಲಿ ಸಕ್ಕರೆಯ ಹರಳಿನಂತೆ ಉದುರುದುರಾಗುತ್ತದೆ. ಆಮೇಲೆ ಬೀಳುವ ದಪ್ಪ ಹಿಮವೆಲ್ಲ ಆ ಸಕ್ಕರೆಯ ಮೇಲೆ ಕುಳಿತಿರುತ್ತದೆ. ಒಬ್ಬ ಹೋಗಿ ಕಾಲಿಟ್ಟರೆ ಸಾಕು, ಇಡೀ ಇಳಿಜಾರೇ ಕಳಚಿಕೊಂಡು ಬರಬಹುದು. ಹಾಗಾಗಿ ಚೀಲದಲ್ಲಿ ಒಂದು ಸನಿಕೆ, ಹೂತುಹೋದವರನ್ನು ಚುಚ್ಚಿ ಹುಡುಕಲು ಮಡಚುವ ಕೋಲು, ಎದೆಯ ಮೇಲೆ ಸದಾ ಸಂಕೇತ ಕಳಿಸುವ ಯಂತ್ರ.

"ಇಷ್ಟೆಲ್ಲ ಹೊತ್ತುಕೊಂಡು ಹೋಗುವ ಬದಲು ಹಿಮ ಸರಿಯಾಗಿ ಬೀಳುವವರೆಗೆ ಕಾಯಬಾರದೇ?" ಎಂದು ನನ್ನ ಹೆಂಡತಿ ಕೇಳಿದಳು.

"ಆಗುವುದಿಲ್ಲ" ಎಂದೆವು ಇಬ್ಬರೂ ಒಟ್ಟಿಗೆ. ಅವನು ಹೇಳಿದ್ದು ಸರಿ. ನಾನೇಕೆ ಹೇಳಿದೆ?

ಕಾರಣ ಮನೆಯ ಹಿಂದಿನ ಬ್ಯಾಣ. ಮಳೆಗಾಲದಲ್ಲಿ ಹುಲ್ಲು ಬೆಳೆಯುವ ಆ ಇಳಿಜಾರಿನಲ್ಲಿ ನಾನು ಚಿಕ್ಕವನಿದ್ದಾಗ ಅಡಿಕೆ ಹಾಳೆಯ ಮೇಲೆ ಕುಳಿತು ಜಾರುತ್ತಿದ್ದೆ. ಅಡಿಕೆ ಹಾಳೆ ಎಂದರೆ ಸಾಮಾನ್ಯವಲ್ಲ: ಟೊಪ್ಪಿ ಅದೇ, ಊಟದ ತಟ್ಟೆ ಅದೇ, ದನಕ್ಕೆ ಮೇವೂ ಅದೇ. ನನ್ನನ್ನು ಹುಟ್ಟಿದಾಗ ಮೀಯಿಸಿದ್ದೂ ಹಾಳೆಯಲ್ಲೇ. ನಮಗೂ ಹಾಳೆಗೂ ಇಷ್ಟು ಹಳೆಯ ನಂಟಿರುವಾಗ ಡೆನ್ವರಿನವನು ಬಂದು ಜಾರುವುದನ್ನು ಕಲಿಸುವುದೇ?

ಒಂದು ಸಂಗತಿ ಮಾತ್ರ ಮರೆತೆ. ನಾವು ಜಾರುತ್ತಿದ್ದದ್ದು ಶ್ರಾವಣದಲ್ಲಿ, ಮೊಣಕಾಲೆತ್ತರದ ಹುಲ್ಲು ಮಳೆಗೆ ಮಗುಚಿ ಬಿದ್ದ ಮೇಲೆ. ಈಗಿನ್ನೂ ಜೂನ್. ನಮ್ಮಲ್ಲಿ ಮಳೆಯನ್ನು ಇಂಚಿನಲ್ಲೇ ಹೇಳುವುದು, ಅವರಲ್ಲಿ ಹಿಮವನ್ನು ಹೇಳುವಂತೆ. ಆ ಲೆಕ್ಕದಲ್ಲಿ ಆವರೆಗೆ ಬಿದ್ದದ್ದು ಮೂರು ಇಂಚು. ಹುಲ್ಲು ನಾಲ್ಕು ಬೆರಳು. ಅದರ ಕೆಳಗೆ ಕಲ್ಲು.

ಮರುದಿನ ಬೆಳಿಗ್ಗೆ ಮಳೆ ಬಿಟ್ಟು ಹೊಳವು ಸಿಕ್ಕಿತು. ಹೊಳವೆಂದರೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ. ಕೊನೆಗಾರ ಆಗಲೇ ಮರದಲ್ಲಿದ್ದ. ನಾನು ಕೆಳಗೆ ನಿಂತು ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸುತ್ತಿರಬೇಕಿತ್ತು. ಬದಲಿಗೆ ಆಗಷ್ಟೇ ಬಿದ್ದ ದೊಡ್ಡ ಹಾಳೆಯೊಂದನ್ನು ಸೋಗೆ, ಅಂದರೆ ಗರಿ, ಸಮೇತ ಎಳೆದುಕೊಂಡು, ರಕ್ತ ಹೀರುವ ಇಂಬಳಕ್ಕೆಂದು ಪ್ಯಾಂಟಿನ ಹಿಂದಿನ ಜೇಬಿಗೆ ಉಪ್ಪಿನ ಪೊಟ್ಟಣ ತುರುಕಿಕೊಂಡು ಬ್ಯಾಣ ಹತ್ತಿದೆ. ನನ್ನ ಸುರಕ್ಷತಾ ಸಾಧನ ಅದೊಂದೇ.

ನಲವತ್ತು ವರ್ಷದಲ್ಲಿ ಹಾಳೆಯ ಅಗಲ ಬದಲಾಗಿಲ್ಲ. ಕೂರುವವನದು ಬದಲಾಗಿದೆ. ಹೇಗೋ ಅರ್ಧ ಹಾಳೆಯ ಮೇಲೆ, ಅರ್ಧ ಕಳಸ ತಾಲ್ಲೂಕಿನ ಮೇಲೆ ಕುಳಿತೆ. ಸೋಗೆ ಮುಂದಿರಬೇಕೋ ಹಿಂದಿರಬೇಕೋ ನೆನಪಾಗಲಿಲ್ಲ. "ಹಿಂದಿರಲಿ ಮಾವ, ಬ್ರೇಕಿನಂತೆ ಕೆಲಸ ಮಾಡುತ್ತದೆ" ಎಂದ ಎಂಜಿನಿಯರ್.

ಮೊದಲ ಹತ್ತು ಮಾರು ಸ್ವರ್ಗ. ಎದುರಿಗೆ ಮೇರುತಿ ಗುಡ್ಡ, ಅದರ ಸೊಂಟಕ್ಕೆ ಮಂಜು, ಕಿವಿಯಲ್ಲಿ ಗಾಳಿ. ನನಗೆ ಮತ್ತೆ ಹನ್ನೆರಡು ವರ್ಷ. ಹನ್ನೊಂದನೆಯ ಮಾರಿನಲ್ಲಿ ಹಾಳೆಯ ಬುಡ ನೇಗಿಲಿನಂತೆ ನೆಲಕ್ಕೆ ನಾಟಿತು. ಹಾಳೆ ನಿಂತಿತು. ನಾನು ಮುಂದುವರಿದೆ. ಕಲ್ಲು ಸ್ಕೀ ಎಂದರೆ ಏನೆಂದು ಆಗ ಸ್ಪಷ್ಟವಾಯಿತು: ಆ ಹಳೆಯ ಜೊತೆ ನಾನೇ. ಉಳಿದ ಬ್ಯಾಣವನ್ನೆಲ್ಲ ಸ್ವಂತ ಚರ್ಮದ ಮೇಲೆ ಇಳಿದು, ತಳದ ಅಗಳಿನಲ್ಲಿ ಹೋಗಿ ಬಿದ್ದೆ.

"ಅಯ್ಯಾ, ತೋಟಕ್ಕೆ ಬರಲು ದಾರಿ ಆ ಕಡೆ ಇದೆ" ಎಂದು ಮರದ ತುದಿಯಿಂದ ಕೊನೆಗಾರ ಕೂಗಿದ.

ಹೂತವರನ್ನು ಹುಡುಕುವ ತರಬೇತಿ ಪಡೆದ ಅಳಿಯ ಓಡಿಬಂದು ಬೇಲಿಗೂಟವೊಂದನ್ನು ಕಿತ್ತು ಅಗಳಿನ ಜರಿಗಿಡಗಳ ನಡುವೆ ಚುಚ್ಚತೊಡಗಿದ. ಎರಡನೆಯ ಚುಚ್ಚಿಗೇ ಸಿಕ್ಕಿದೆ. ಅವನು ವಿದ್ಯೆ ಚೆನ್ನಾಗಿಯೇ ಕಲಿತಿದ್ದಾನೆ. ಅಷ್ಟರಲ್ಲಿ ಇಂಬಳಗಳಿಗೂ ಸಿಕ್ಕಿದ್ದೆ. ಉಪ್ಪಿಗೆಂದು ಕೈ ಹಾಕಿದರೆ ಜೇಬೇ ಇಲ್ಲ, ಅದು ಬ್ಯಾಣದ ನಡುವೆ ಎಲ್ಲೋ ಉಳಿದಿತ್ತು. ಉಪ್ಪು ಮಾತ್ರ ನನ್ನೊಂದಿಗೇ ಬಂದಿತ್ತು, ತರಚಿದ ಕಡೆಯೆಲ್ಲ.

ಮನೆಯಲ್ಲಿ ಹೆಂಡತಿ ಸುಣ್ಣ ಮುಟ್ಟಿಸಿ ಏಳು ಇಂಬಳ ಉದುರಿಸಿದಳು. ಉದುರಿದ ಮೇಲೂ ರಕ್ತ ಒಸರುತ್ತಲೇ ಇತ್ತು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ವಸ್ತುವಿರುತ್ತದೆ, ಇಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹಿಮಕುಸಿತಕ್ಕೆ ಹೆದರದ ಹುಡುಗ ಮಾತ್ರ ಹೆಲಿಕಾಪ್ಟರ್ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದ.

ಅಮ್ಮ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು: "ಸೋಗೆ ಯಾವ ಕಡೆ ಇತ್ತು?"

"ಹಿಂದೆ."

"ಸೋಗೆ ಮುಂದೆ, ಬುಡ ಹಿಂದೆ. ನನಗೆ ಆರು ವರ್ಷಕ್ಕೇ ಗೊತ್ತಿತ್ತು" ಎಂದು ಒಳಗೆ ಹೋದಳು.

ನಿನ್ನೆ ಮಧ್ಯಾಹ್ನ ಮತ್ತೆ ಹೊಳವಾಯಿತು. ನಾನು ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಬ್ಯಾಣ ಕಾಣುತ್ತದೆ. ಊಟ ಮುಗಿಸಿದ ಕೊನೆಗಾರ ಹಾಳೆ ಎಳೆದುಕೊಂಡು ಹತ್ತುತ್ತಿದ್ದ. ಅವನ ಹಿಂದೆ ಅಳಿಯ. ಅಳಿಯನ ಹಿಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಹೆಂಡತಿ.

"ಇನ್ನೂ ನಾಲ್ಕೇ ಬೆರಳು ಹುಲ್ಲಿದೆ!" ಎಂದು ಕೂಗಿದೆ.

"ಐದಾಗಿದೆ ಕಣ್ರೀ" ಎಂದು ಮೇಲಿನಿಂದ ಉತ್ತರ ಬಂತು.