ಗಿಡ್ಜೆಟ್ ಮೂರು ಸಿನಿಮಾದಲ್ಲಿ ಸಾಂಡ್ರಾ ಡೀ ಇರೋದು ಒಂದರಲ್ಲೇ, ಒಂದು ಸ್ಪಷ್ಟನೆ

ಸರ್ಫಿಂಗ್ (ಬೋರ್ಡ್ ಮೇಲೆ ನಿಂತು ಅಲೆ ಮೇಲೆ ಸಾಗೋದು) ಮಾಡೋ ಹುಡುಗಿಯ ಹಳೇ ಹಾಲಿವುಡ್ ಸಿನಿಮಾ ಸೀರೀಸ್ ಗಿಡ್ಜೆಟ್‌ನ ಮೂರೂ ಸಿನಿಮಾಗೆ ಸಾಂಡ್ರಾ ಡೀನೇ ಹೀರೋಯಿನ್, ಸರ್ಫಿಂಗ್ ಕೂಡ ಅವ್ರೇ ಮಾಡಿದ್ದು ಅಂತ ಒಂದು ಪೋಸ್ಟ್ ಎಲ್ಲಾ ಕಡೆ ಓಡಾಡ್ತಿದೆ. ಎರಡೂ ತಪ್ಪು. ಸಾಂಡ್ರಾ ಡೀ ಇರೋದು 1959ರ ಮೊದಲ ಸಿನಿಮಾದಲ್ಲಿ ಮಾತ್ರ, 1961ರಲ್ಲಿ ಬಂದ ಹವಾಯಿ ಕಥೇಲಿ ಡೆಬೊರಾ ವಾಲಿ, 1963ರ ರೋಮ್ ಕಥೇಲಿ ಸಿಂಡಿ ಕ್ಯಾರಲ್. ಮೂರರಲ್ಲೂ ಬದಲಾಗದೆ ಇದ್ದಿದ್ದು ಹೀರೋ ಮೂನ್‌ಡಾಗಿ ಪಾತ್ರದ ಜೇಮ್ಸ್ ಡ್ಯಾರೆನ್, ಮೂರಕ್ಕೂ ಡೈರೆಕ್ಟರ್ ಕೂಡ ಒಬ್ರೇ, ಪಾಲ್ ವೆಂಡ್ಕೋಸ್.

ಇನ್ನು ಸರ್ಫಿಂಗ್ ವಿಷ್ಯ. ಮೊದಲ ಸಿನಿಮಾದ ದೂರದ ಶಾಟ್‌ಗಳಲ್ಲಿ ಅಲೆ ಮೇಲೆ ಬೋರ್ಡ್ ಹಿಡ್ಕೊಂಡು ಬರೋ ಆ ಹುಡುಗಿ ನಿಜವಾಗ್ಲೂ ಹುಡುಗೀನೇ ಅಲ್ಲ, ಮಿಕ್ಕಿ ಮುನ್ಯೋಜ್ ಅಂತ ಒಳ್ಳೇ ಸರ್ಫರ್, ಕುಳ್ಳಗಿದ್ರು, ವಿಗ್ ಹಾಕಿ ಹೆಣ್ಮಕ್ಕಳ ಸ್ವಿಮ್‌ಸೂಟ್ ತೊಡಿಸಿ ನೀರಿಗಿಳಿಸಿದ್ರು, ಅಷ್ಟು ಕಷ್ಟಪಟ್ಟವರ ಕ್ರೆಡಿಟ್ ಬೇರೆಯವ್ರಿಗೆ ಹೋಗೋದು ನಂಗಂತೂ ಬೇಜಾರು.

ಅದೇ ಪೋಸ್ಟಲ್ಲಿ 'ಬೀಚ್ ಪಾರ್ಟಿ'ನೂ ಗಿಡ್ಜೆಟ್‌ದೇ ಸೀಕ್ವೆಲ್ ಅಂದಿದಾರೆ. ಅಲ್ಲ. ಅದು 1963ರಲ್ಲಿ ಫ್ರಾಂಕಿ ಅವಲಾನ್, ಅನೆಟ್ ಫ್ಯೂನಿಚೆಲೊ ಜೋಡಿ ಇಟ್ಕೊಂಡು ಬೇರೆ ಕಂಪನಿ ಶುರು ಮಾಡಿದ ಬೇರೆ ಸೀರೀಸ್, ಗಿಡ್ಜೆಟ್ ಕೊಲಂಬಿಯಾ ಸ್ಟುಡಿಯೋದ್ದು. ದಯವಿಟ್ಟು ಹಳೇ ಪೋಸ್ಟ್ ಫಾರ್ವರ್ಡ್ ಮಾಡ್ಬೇಡಿ, ಮಾಡಿದ್ರೆ ಇದನ್ನೂ ಜೊತೆಗೆ ಹಾಕಿ.