ಕಾಣದ ಕೈಗೂ ಒಂದು ನೌಕರಿ

ಗಡಿಯಲ್ಲಿ ದಂಗೆ ಎದ್ದ ಕೂಡಲೇ ಹೊಸ ಸರ್ಕಾರಗಳು ಒಂದು ಕಾಣದ ಕೈಯನ್ನು ಹುಡುಕಲು ಹೊರಡುತ್ತವೆ. ಕೈ ಸಿಕ್ಕರೆ ಸಾಕು, ಜನ ಯಾಕೆ ಸಿಟ್ಟಾದರು ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಈ ವಿದ್ಯೆಯಲ್ಲಿ ತಾಷ್ಕೆಂಟಿನ ಸೋವಿಯತ್ ಸರ್ಕಾರವನ್ನು ಮೀರಿಸಿದವರನ್ನು ನಾನಂತೂ ಕಾಣೆ. ಅದು ಕಾಣದ ಕೈಯನ್ನು ಹುಡುಕಿತು, ಸಿಗಲಿಲ್ಲ, ಕೊನೆಗೆ ಗೊತ್ತಿಲ್ಲದೆ ಅದಕ್ಕೇ ಕೆಲಸ ಕೊಟ್ಟಿತು.

ತಾಷ್ಕೆಂಟ್ ಅಂದರೆ ನಮಗೆ 1966, ಶಾಸ್ತ್ರೀಜಿ. ಇದು ಅದಕ್ಕೂ ಅರ್ಧ ಶತಮಾನ ಹಿಂದಿನ ಕಥೆ. 1917ರ ನವೆಂಬರಿನಲ್ಲಿ ಅಲ್ಲಿ ಕ್ರಾಂತಿ ಸರ್ಕಾರ ಬಂತು. ಮುಖ್ಯಸ್ಥ ಫ್ಯೋದರ್ ಕೊಲೆಸೊವ್, ರೈಲ್ವೆಯಲ್ಲಿ ಗುಮಾಸ್ತನಾಗಿದ್ದವನು. ತಾಷ್ಕೆಂಟ್ ರಾಜಧಾನಿಯಾಗಿದ್ದ ಮಧ್ಯ ಏಷ್ಯಾದ ತುರ್ಕಿಸ್ತಾನದ ಜನರಲ್ಲಿ ಬಹುಪಾಲು ಮುಸ್ಲಿಮರು. ಸರ್ಕಾರದಲ್ಲಿ ಮಾತ್ರ ಅವರಲ್ಲಿ ಒಬ್ಬರೂ ಇಲ್ಲ. ಕಾರಣವನ್ನು ಮುಚ್ಚಿಡಲೂ ಇಲ್ಲ: ಸ್ಥಳೀಯರಿಗೆ ಕಾರ್ಮಿಕ ವರ್ಗದ ಸಂಘಟನೆ ಇಲ್ಲ, ಆದ್ದರಿಂದ ಮೇಲಿನ ಕುರ್ಚಿಗಳಲ್ಲಿ ಜಾಗ ಇಲ್ಲ. ಕ್ರಾಂತಿ ಜನರದ್ದೇ, ಆದರೆ ಆ ಊರಿನ ಜನರದ್ದಲ್ಲ.

ಅಲ್ಲಿನ ಫರ್ಗಾನಾ ಕಣಿವೆಯ ಕೋಕಂದ್ ಊರಿನವರು ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಅಂತ ಒಂದು ಸರ್ಕಾರ ಮಾಡಿಕೊಂಡರು. 1918ರ ಫೆಬ್ರವರಿಯಲ್ಲಿ ಕ್ರಾಂತಿಯ ಸೈನ್ಯ ಹೋಗಿ ಊರಿಗೆ ಬೆಂಕಿ ಇಟ್ಟಿತು. ಸಾವಿರಾರು ಜನ ಸತ್ತರು. ಅದರ ಮೇಲೆ ಹಸಿವು. ತ್ಸಾರ್ ಕಾಲದಲ್ಲೇ ಆ ನಾಡಿನ ಹೊಲಗಳಲ್ಲಿ ಗೋಧಿ ಕಡಿಮೆಯಾಗಿ ಹತ್ತಿ ಜಾಸ್ತಿಯಾಗಿತ್ತು. ತಿನ್ನುವ ಕಾಳು ರಷ್ಯಾದಿಂದ ರೈಲಿನಲ್ಲಿ ಬರಬೇಕು. ಆ ರೈಲು ದಾರಿಯನ್ನು ಒರೆನ್‌ಬರ್ಗ್ ಹತ್ತಿರ ದುತೊವ್‌ನ ಕೊಸಾಕರು, ಅಂದರೆ ಕ್ರಾಂತಿಯ ವಿರುದ್ಧ ನಿಂತ ಕುದುರೆ ಸೈನಿಕರು, ತಡೆದು ಕೂತಿದ್ದರು. ಹತ್ತಿಯನ್ನು ಬೇಯಿಸಿ ತಿನ್ನಲು ಆಗುತ್ತದೆಯೇ? ಫರ್ಗಾನಾ ಕಣಿವೆಯ ಜನ ಕುದುರೆ ಹತ್ತಿದರು. ಸರ್ಕಾರ ಅವರಿಗೆ ‘ಬಸ್ಮಚಿ’, ಅಂದರೆ ದರೋಡೆಕೋರರು ಅಂತ ಹೆಸರಿಟ್ಟಿತು. ಇವರ ಹಿಂದೆ ಯಾರಿದ್ದಾರೆ? ಇಂಗ್ಲಿಷರು. ಇನ್ಯಾರು ಇರಲು ಸಾಧ್ಯ, ಅಲ್ವಾ?

ಗುಪ್ತಚರರಿಗೆ ದೂರ ಹೋಗುವ ಕೆಲಸವೇ ಇರಲಿಲ್ಲ. ಕಚೇರಿಯ ಸಂಬಳದ ಪಟ್ಟಿ ತೆಗೆದು ಓದಿದ್ದರೆ ಸಾಕಿತ್ತು. ಫರ್ಗಾನಾದ ದಂಗೆಯ ದೊಡ್ಡ ನಾಯಕ ಮದಾಮಿನ್ ಬೇಗ್ ಅದಕ್ಕೆ ಮೊದಲು ಮಾರ್ಗಿಲಾನಿನಲ್ಲಿ ಇದೇ ಸೋವಿಯತ್ತಿನ ಪೊಲೀಸ್ ಪಡೆಯ ಮುಖ್ಯಸ್ಥ. ಬಸ್ಮಚಿಗಳಿಂದ ರಷ್ಯನ್ ರೈತರನ್ನು ಕಾಪಾಡಲಿ ಅಂತ ಸರ್ಕಾರ ರೈತರದೇ ಒಂದು ಸೈನ್ಯಕ್ಕೆ ಬಂದೂಕು ಕೊಟ್ಟಿತು. ಅದರ ನಾಯಕ ಮೊನ್‌ಸ್ತ್ರೊವ್ 1919ರಲ್ಲಿ ಆ ಬಂದೂಕುಗಳ ಸಮೇತ ಹೋಗಿ ಮದಾಮಿನ್ ಬೇಗನ ಜೊತೆ ಸೇರಿಕೊಂಡ. ಪರ್ಷಿಯಾ ಗಡಿಯ ಹತ್ತಿರದ ಅಶ್ಖಾಬಾದಿನಲ್ಲಿ 1918ರ ಜುಲೈಯಲ್ಲಿ ಎದ್ದವರು ರೈಲ್ವೆ ಕಾರ್ಮಿಕರು, ಮುಂದಾಳು ಫುಂತಿಕೊವ್ ಎಂಬ ರೈಲು ಇಂಜಿನ್ ಡ್ರೈವರ್. ಕಾರ್ಮಿಕರ ಸರ್ಕಾರದ ವಿರುದ್ಧ ಕಾರ್ಮಿಕರೇ! ಇನ್ನು ತಾಷ್ಕೆಂಟಿನಲ್ಲಿ 1919ರ ಜನವರಿಯಲ್ಲಿ ದಂಗೆ ಎದ್ದು 14 ಕಮಿಸಾರರನ್ನು ಕೊಲ್ಲಿಸಿದವನು ಒಸಿಪೊವ್. ಅವನ ಹುದ್ದೆ? ಯುದ್ಧ ಖಾತೆಯ ಕಮಿಸಾರ್, ಅಂದರೆ ಅದೇ ಸರ್ಕಾರದ ಯುದ್ಧ ಮಂತ್ರಿ. ದಂಗೆ ಸೋತ ಮೇಲೆ ಬ್ಯಾಂಕಿನ ಚಿನ್ನ ಹೊತ್ತುಕೊಂಡು ಪರಾರಿಯಾದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಇದಕ್ಕೇ.

ಇಂಗ್ಲಿಷರ ಕೈ ಇರಲೇ ಇಲ್ಲ ಅಂತಲ್ಲ. ಇತ್ತು. ಆದರೆ ಬಲಗೈ ಮಾಡಿದ್ದು ಎಡಗೈಗೆ ಗೊತ್ತಿರಲಿಲ್ಲ. ಪರ್ಷಿಯಾದ ಮಷ್ಹದ್‌ನಲ್ಲಿ ಕೂತ ಜನರಲ್ ಮಲ್ಲೆಸನ್ ಅಶ್ಖಾಬಾದಿನ ಬಂಡಾಯಗಾರರಿಗೆ ನೆರವಾಗಲು ಹಿಂದುಸ್ತಾನದ ಸಿಪಾಯಿಗಳನ್ನು ಕಳಿಸಿದ. ಪಂಜಾಬಿನ ಹುಡುಗರು ತುರ್ಕ್‌ಮೆನ್ ಮರಳುಗಾಡಿನಲ್ಲಿ ಬೋಲ್ಶೆವಿಕರ ಮೇಲೆ ಗುಂಡು ಹಾರಿಸುತ್ತಿದ್ದರು. ಯಾರ ಜಗಳ, ಯಾರ ಹೆಣ! ಅದೇ 1918ರ ಆಗಸ್ಟಿನಲ್ಲಿ ಚೀನಾದ ಕಾಶ್ಗರ್ ಕಡೆಯಿಂದ ಫ್ರೆಡರಿಕ್ ಬೈಲಿ ಎಂಬ ಬ್ರಿಟಿಷ್ ಅಧಿಕಾರಿ, ಮಾತುಕತೆ ಆಡಿ ಬರೋಣ ಅಂತ ತಾಷ್ಕೆಂಟಿಗೆ ಬಂದಿಳಿದ. ನಿಮ್ಮ ಸೈನ್ಯ ನಮ್ಮ ಮೇಲೆ ಯುದ್ಧ ಮಾಡುತ್ತಿದೆಯಲ್ಲ, ಯಾಕೆ ಅಂತ ವಿದೇಶಾಂಗ ಕಮಿಸಾರ್ ದಮಗಾತ್ಸ್ಕಿ ಕೇಳಿದ. ಬೈಲಿ ತಬ್ಬಿಬ್ಬಾದ. ಅವನಿಗೆ ನಿಜವಾಗಿಯೂ ವಿಷಯ ಗೊತ್ತಿರಲಿಲ್ಲ. ತನ್ನ ದೇಶ ಯುದ್ಧಕ್ಕೆ ಇಳಿದಿದೆ ಅನ್ನುವ ಗುಪ್ತ ಮಾಹಿತಿಯನ್ನು ಬ್ರಿಟಿಷ್ ಗುಪ್ತಚರನಿಗೆ ಕೊಟ್ಟವರು ಶತ್ರುಗಳೇ.

ಅಕ್ಟೋಬರಿನಲ್ಲಿ ಇನ್ನೇನು ಜೈಲು ಖಚಿತ ಅನ್ನುವಾಗ ಬೈಲಿ ಮಾಯವಾದ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಆಸ್ಟ್ರಿಯಾದ ಯುದ್ಧ ಕೈದಿಗಳ ನಡುವೆ ಕರಗಿಹೋದ. ಆಗ ಊರಲ್ಲಿ ಅಂಥ ಕೈದಿಗಳು ಬೇಕಾದಷ್ಟಿದ್ದರು. ಒಂದು ದಿನ ಹಂಗೇರಿಯ ಅಡುಗೆಯವನು, ಇನ್ನೊಂದು ದಿನ ರುಮೇನಿಯದವನು. ಸಮಯ ಸಿಕ್ಕರೆ ಚಿಟ್ಟೆ ಹಿಡಿಯುವುದು, ಅದು ಅವನ ಹಳೇ ಹುಚ್ಚು. ಸರ್ಕಾರ ಮನೆಮನೆ ಹುಡುಕುತ್ತಲೇ ಇತ್ತು.

ಹೀಗೇ ಒಂದು ವರ್ಷ ಕಳೆಯಿತು. ಊರು ಬಿಡಬೇಕಾದರೆ ರಹದಾರಿ ಬೇಕು. ಸರ್ಕಾರದ ಗುಪ್ತಚರನಿಗಿಂತ ಸಲೀಸಾಗಿ ರಹದಾರಿ ಯಾರಿಗೆ ಸಿಗುತ್ತದೆ? ಅಲ್ಲೇ ಕೆಲಸದಲ್ಲಿದ್ದ ಒಬ್ಬ ಸರ್ಬಿಯನ್ ಸ್ನೇಹಿತನ ಕೈಹಿಡಿದು ಬೈಲಿ ಶತ್ರು ಗುಪ್ತಚರರನ್ನು ಹಿಡಿಯುವ ಸೋವಿಯತ್ ಪ್ರತಿಗೂಢಚಾರ ಇಲಾಖೆಗೇ ಸೇರಿಬಿಟ್ಟ. ಈ ಸಲ ಹೆಸರು ಜೋಸೆಫ್ ಕಸ್ತಮುನಿ, ದೇಶ ಅಲ್ಬೇನಿಯಾ. ಅಲ್ಬೇನಿಯಾ ಯಾಕೆ? ತಾಷ್ಕೆಂಟಿನಲ್ಲಿ ಆ ಭಾಷೆ ಬಲ್ಲವರು ಯಾರೂ ಇರಲಿಲ್ಲ. ಎರಡು ಮಾತಾಡು ನೋಡೋಣ ಅಂತ ಪರೀಕ್ಷೆ ಮಾಡುವವರೇ ಇಲ್ಲ!

ಕೆಲಸ ಏನು? ಪಕ್ಕದ ಬುಖಾರಾ ರಾಜ್ಯದ ದೊರೆ ಅಮೀರನ ಸೈನ್ಯಕ್ಕೆ ಬ್ರಿಟಿಷ್ ಅಧಿಕಾರಿಗಳು ತರಬೇತಿ ಕೊಡುತ್ತಿದ್ದಾರೆ ಅಂತ ಸುದ್ದಿ, ಹೋಗಿ ಪತ್ತೆ ಮಾಡಿಕೊಂಡು ಬಾ. ಬೈಲಿ ಮುಂದೆ ಬರೆದುಕೊಂಡ ಪ್ರಕಾರ ಅದಕ್ಕೂ ಮೊದಲು ಹೋಗಿದ್ದ 15 ಗುಪ್ತಚರರನ್ನು ಅಮೀರ ಹಿಡಿದು ಕೊಂದಿದ್ದ. ಹೊಸಬರು ಯಾರೂ ಒಪ್ಪುತ್ತಿರಲಿಲ್ಲ. ಇವನು ನಾನು ಹೋಗುತ್ತೇನೆ ಅಂದ. ಎಂಥಾ ಕ್ರಾಂತಿಕಾರಿ ಧೈರ್ಯ ಅಂತ ಅಧಿಕಾರಿಗಳಿಗೆ ಅನ್ನಿಸಿರಬೇಕು. ಬುಖಾರಾ ಪಕ್ಕದ ಕಗಾನ್ ಸ್ಟೇಷನ್ನಿಗೆ ಬಂದರೆ ಅಲ್ಲಿ ಮೇಲಿನವರಿಂದ ಇವನಿಗೆ ಒಂದು ತಂತಿ ಕಾದಿತ್ತು. ಆಂಗ್ಲೋ-ಇಂಡಿಯನ್ ಸೇವೆಯ ಕರ್ನಲ್ ಬೈಲಿ ಬಗ್ಗೆ ಗೊತ್ತಿರುವ ಮಾಹಿತಿಯನ್ನೆಲ್ಲ ಕಳಿಸತಕ್ಕದ್ದು.

ಇಡೀ ತುರ್ಕಿಸ್ತಾನದಲ್ಲಿ ಆ ವಿಷಯದಲ್ಲಿ ಅವನಷ್ಟು ತಿಳಿದವರು ಬೇರೆ ಯಾರಿದ್ದರು ಹೇಳಿ. ಇಲಾಖೆ ಸರಿಯಾದ ಮನುಷ್ಯನನ್ನೇ ಕೇಳಿತ್ತು.

ಬುಖಾರಾದಲ್ಲಿ ಸೈನ್ಯಕ್ಕೆ ಕವಾಯತು ಕಲಿಸುವ ಬ್ರಿಟಿಷ್ ಅಧಿಕಾರಿಗಳು ಇರಲಿಲ್ಲ. ಬೈಲಿಗೆ ಸಿಕ್ಕವರು ಮಲ್ಲೆಸನ್ ಕಳಿಸಿದ್ದ ಇಬ್ಬರು ಹಿಂದುಸ್ತಾನಿ ಸಿಪಾಯಿಗಳು. ಅವರನ್ನೂ ಕರೆದುಕೊಂಡು ಮರಳುಗಾಡು ದಾಟಿ 1920ರ ಜನವರಿಯಲ್ಲಿ ಪರ್ಷಿಯಾ ಸೇರಿದ. ತಾಷ್ಕೆಂಟಿಗೆ ವರದಿ ಹೋಗಲಿಲ್ಲ. 16ನೆಯವನನ್ನೂ ಅಮೀರ ಮುಗಿಸಿದ ಅಂತ ಕಡತ ಮುಚ್ಚಿದ್ದರೂ ಆಶ್ಚರ್ಯ ಇಲ್ಲ.

ಇತ್ತ 1919ರ ಕೊನೆಗೆ ಮಾಸ್ಕೋದಿಂದ ಒಂದು ಆಯೋಗ ತಾಷ್ಕೆಂಟಿಗೆ ಬಂತು. ಸ್ಥಳೀಯರ ಜೊತೆ ಇಲ್ಲಿನ ರಷ್ಯನ್ ಸಂಗಾತಿಗಳ ನಡವಳಿಕೆಯೇ ಸರಿಯಿಲ್ಲ ಅನ್ನುವುದು ಅದರ ಕಣ್ಣಿಗೆ ಬಿತ್ತು. ಕೋಕಂದಿನ ಸಂತೆಯಲ್ಲಿ ರೊಟ್ಟಿ ಮಾರುವವನನ್ನು ಕೇಳಿದ್ದರೆ ಎರಡು ವರ್ಷ ಮೊದಲೇ ಹೇಳುತ್ತಿದ್ದ, ಅದೂ ಪುಕ್ಕಟೆ. ಮುಂದೆ ಕಿತ್ತುಕೊಂಡ ವಕ್ಫ್ ಜಮೀನು ವಾಪಸ್ ಕೊಟ್ಟರು, ಖಾಜಿಗಳ ನ್ಯಾಯಾಲಯ ತೆರೆಯಲು ಬಿಟ್ಟರು. ಕುದುರೆ ಹತ್ತಿದವರಲ್ಲಿ ಎಷ್ಟೋ ಜನ ಇಳಿದು ಮನೆಗೆ ಹೋದರು. ಮದಾಮಿನ್ ಬೇಗ್ ಅಂತೂ ಅದಕ್ಕೂ ಮೊದಲೇ, 1920ರ ಮಾರ್ಚಿನಲ್ಲಿ, ರಾಜಿಯಾಗಿ ಕೆಂಪು ಸೈನ್ಯ ಸೇರಿದ್ದ. ಸಂಬಳದ ಪಟ್ಟಿಗೆ ಹಳೇ ಹೆಸರು ವಾಪಸ್ ಬಂದಿತ್ತು.